ನಲವತ್ತಾರು ಮನೆಗಳ ವೈಫೈ ಪಾಸ್‌ವರ್ಡ್, ಒಂದು ಪೆನ್ ಡ್ರೈವ್: ವಿಂಡೋಸ್‌ನೊಳಗಿನ ನೆಟ್‌ಎಸ್‌ಎಚ್ ಕುರಿತು

ಕೊಡಗಿನ ಕಾಫಿ ತೋಟಗಳಿಗೂ ಹೋಂಸ್ಟೇಗಳಿಗೂ ಲೆಕ್ಕಪತ್ರ ಬರೆದುಕೊಡುವುದು ನನ್ನ ಕಸುಬು. ತಿಂಗಳಿಗೆ ಮೂರು ಸುತ್ತು ತಿರುಗುತ್ತೇನೆ: ಮಡಿಕೇರಿಯಿಂದ ಮೂರ್ನಾಡು, ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆಯ ಕಡೆಗೊಂದು, ನಾಪೋಕ್ಲು, ಕಕ್ಕಬ್ಬೆಯ ಕಡೆಗೊಂದು, ಸುಂಟಿಕೊಪ್ಪದ ಮೇಲೆ ಸೋಮವಾರಪೇಟೆ, ಶನಿವಾರಸಂತೆಯವರೆಗೆ ಮತ್ತೊಂದು. ಹೋದ ಮನೆಯಲ್ಲೆಲ್ಲ ಮೊದಲ ದಿನ ವೈಫೈ ಪಾಸ್‌ವರ್ಡ್ ಕೇಳಿ ಹಾಕಿಕೊಂಡದ್ದು ಬಿಟ್ಟರೆ ಆಮೇಲೆ ಅದರ ಗೋಜಿಗೆ ಹೋದವನಲ್ಲ. ಜೀಪಿನಿಂದಿಳಿದು ಲ್ಯಾಪ್‌ಟಾಪ್ ತೆರೆದರೆ ಸಂಪರ್ಕ ತಾನಾಗಿ ಸಿಗುತ್ತಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದು, ಹಳೆಯ ಯಂತ್ರವನ್ನು ಬದಲಿಸುವುದು ಅನಿವಾರ್ಯವಾದಾಗ, ಆ ಪಾಸ್‌ವರ್ಡುಗಳನ್ನೆಲ್ಲ ಹೊಸ ಯಂತ್ರಕ್ಕೆ ಸಾಗಿಸುವ ಕೆಲಸ ಎದುರಾಯಿತು. ಅದಕ್ಕಾಗಿ ಮೂರು ದಾರಿಗಳನ್ನು ಪರೀಕ್ಷಿಸಿ ನೋಡಿದೆ. ವಿಂಡೋಸ್‌ನ ಒಳಗೇ ಇರುವ, ಹಣ ಕೇಳದ, ಹೆಚ್ಚಿನವರು ಹೆಸರೂ ಕೇಳಿರದ ನೆಟ್‌ಎಸ್‌ಎಚ್ ಎಂಬ ಸೌಲಭ್ಯವೇ ಈ ಬರಹದ ಮುಖ್ಯ ವಿಷಯ. ಉಳಿದೆರಡನ್ನು ಹೋಲಿಕೆಗಾಗಿ ಮಾತ್ರ ಎತ್ತಿಕೊಳ್ಳುತ್ತೇನೆ.

ಪಾಸ್‌ವರ್ಡ್ ಹೋದರೆ ಮತ್ತೆ ಕೇಳಿದರಾಯಿತಲ್ಲ, ಇದಕ್ಕೊಂದು ಬ್ಯಾಕಪ್ ಬೇಕೇ ಎಂದು ಊರ ಹೊರಗಿನವರು ಕೇಳಬಹುದು. ಇಲ್ಲಿಯ ತೋಟದ ಮನೆಗಳಲ್ಲಿ ಕೇಳಿ ನೋಡಿದವರಿಗೆ ಉತ್ತರ ಗೊತ್ತು. ರೂಟರ್ ಹಾಕಿಸಿದ ಮಗ ಬೆಂಗಳೂರಿನಲ್ಲಿರುತ್ತಾನೆ. ಪಾಸ್‌ವರ್ಡ್ ಇಟ್ಟ ರೈಟರು, ಅಂದರೆ ತೋಟದ ಗುಮಾಸ್ತರು, ಎರಡು ವರ್ಷದ ಹಿಂದೆಯೇ ಬೇರೆ ತೋಟಕ್ಕೆ ಹೋಗಿರುತ್ತಾರೆ. ರೂಟರಿನ ತಳದಲ್ಲಿ ಅಂಟಿಸಿದ್ದ ಚೀಟಿಯ ಮೇಲಿನ ಅಕ್ಷರಗಳು ಮಳೆಗಾಲದ ತೇವಕ್ಕೆ ಮಾಸಿ, ಸೊನ್ನೆಯೋ ಓ ಅಕ್ಷರವೋ ತಿಳಿಯದ ಸ್ಥಿತಿಗೆ ಬಂದಿರುತ್ತವೆ. ಮನೆಯವರ ಫೋನುಗಳೆಲ್ಲ ತಾವಾಗಿ ಸಂಪರ್ಕ ಪಡೆಯುವುದರಿಂದ ಪಾಸ್‌ವರ್ಡ್ ಏನೆಂದು ನೆನಪಿಟ್ಟುಕೊಳ್ಳುವ ಅಗತ್ಯ ಯಾರಿಗೂ ಬಿದ್ದಿರುವುದಿಲ್ಲ. ಕಣಿವೆಯೊಳಗಿನ ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದೇ ಇಲ್ಲ; ಇರುವ ಕಡೆಯೂ ಆಷಾಢದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದ ಮೇಲೆ ಅದೂ ಹೋಗುತ್ತದೆ. ಆಗ ಇನ್ವರ್ಟರಿನ ಮೇಲೆ ಉಸಿರಾಡುತ್ತಿರುವ ಮನೆಯ ಫೈಬರ್ ಲೈನೊಂದೇ ಹೊರಲೋಕಕ್ಕಿರುವ ದಾರಿ. ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕಾದ 20ನೇ ತಾರೀಖಿನ ಸಂಜೆ ಆ ಲೈನು ಎದುರಿಗಿದ್ದೂ ಪಾಸ್‌ವರ್ಡ್ ಇಲ್ಲದೆ ಕೂರುವುದೆಂದರೆ, ಬಾವಿಯ ದಂಡೆಯಲ್ಲಿ ಹಗ್ಗವಿಲ್ಲದೆ ನಿಂತಂತೆ.

ಹಾಗೆ ಕೂತವನೇ ನಾನು. ಮೂರು ವರ್ಷಗಳ ಹಿಂದೆ ಇದೇ ಲ್ಯಾಪ್‌ಟಾಪನ್ನು ಒಂದು ರಿಪೇರಿ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದ್ದೆ. ಅಂಗಡಿಯವರು ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೋಗಳು ಎಲ್ಲವನ್ನೂ ಜೋಪಾನವಾಗಿ ತೆಗೆದಿಟ್ಟು ಮರಳಿ ಹಾಕಿಕೊಟ್ಟಿದ್ದರು. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ವೈಫೈ ಪಾಸ್‌ವರ್ಡುಗಳು ಮಾತ್ರ ಒಂದೂ ಉಳಿಯಲಿಲ್ಲ. ಅವನ್ನು ಮತ್ತೆ ಕೂಡಿಸುವಷ್ಟರಲ್ಲಿ ಆ ವರ್ಷದ ರೊಬಸ್ಟಾ ಕೊಯ್ಲು ಮುಗಿದಿತ್ತು.

ಅವು ಏಕೆ ಉಳಿಯಲಿಲ್ಲ ಎಂಬುದನ್ನು ತಿಳಿದರೆ ಈ ಸೌಲಭ್ಯದ ಬೆಲೆಯೂ ತಿಳಿಯುತ್ತದೆ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಪ್ರತಿಯೊಂದು ವೈಫೈ ಸಂಪರ್ಕಕ್ಕೂ ಒಂದು ಪ್ರೊಫೈಲ್, ಅಂದರೆ ಜಾಲದ ಹೆಸರು, ಪಾಸ್‌ವರ್ಡ್ ಮುಂತಾದ ವಿವರಗಳ ದಾಖಲೆ, ತಯಾರಾಗಿ, ಎಕ್ಸ್‌ಎಂಎಲ್ ರೂಪದ (ಗುರುತುಗಳ ನಡುವೆ ವಿವರ ಬರೆದಿಡುವ ಪಠ್ಯರೂಪದ) ಸಣ್ಣ ಫೈಲಾಗಿ ಸಿ ಡ್ರೈವಿನ ಪ್ರೋಗ್ರಾಂಡೇಟಾ ಎಂಬ ಮರೆಯಲ್ಲಿಟ್ಟ ಫೋಲ್ಡರಿನಲ್ಲಿ, ಮೈಕ್ರೋಸಾಫ್ಟ್, ಅದರೊಳಗೆ ಡಬ್ಲ್ಯುಲ್ಯಾನ್‌ಎಸ್‌ವಿಸಿ ಎಂಬಲ್ಲಿ ಕೂರುತ್ತದೆ. ಬಳಕೆದಾರರ ಫೋಲ್ಡರಿನಲ್ಲಿ ಅದು ಇರುವುದಿಲ್ಲವಾದ್ದರಿಂದ, ಡಾಕ್ಯುಮೆಂಟ್ಸ್ ನಕಲು ಮಾಡಿದವರ ಕೈಗೆ ಅದು ಸಿಗುವುದಿಲ್ಲ. ಹುಡುಕಿ ತೆಗೆದು ನಕಲು ಮಾಡಿಕೊಂಡರೂ ಪ್ರಯೋಜನವಿಲ್ಲ, ಏಕೆಂದರೆ ಪಾಸ್‌ವರ್ಡ್ ಇರುವ ಭಾಗ ಆ ಯಂತ್ರದ ವಿಂಡೋಸ್ ತನ್ನದೇ ಕೀಲಿಯಿಂದ ಗೂಢಲಿಪಿ ಮಾಡಿಟ್ಟದ್ದು. ಬೇರೆ ಯಂತ್ರದಲ್ಲಿ, ಅಥವಾ ಅದೇ ಯಂತ್ರದಲ್ಲಿ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ, ಆ ಉದ್ದನೆಯ ಅಂಕಿ ಅಕ್ಷರಗಳ ಸರಕ್ಕೆ ಅರ್ಥವೇ ಇಲ್ಲ. ಕಳ್ಳರ ಕೈಗೆ ಸಿಗಬಾರದೆಂಬ ಒಳ್ಳೆಯ ಉದ್ದೇಶದಿಂದ ಮಾಡಿದ ವ್ಯವಸ್ಥೆ ಅದು. ಯಜಮಾನನ ಕೈಗೂ ಸಿಗದಂತಾಗುವುದು ಅದರ ಇನ್ನೊಂದು ಮುಖ.

ವಿಂಡೋಸ್ 7ರ ಕಾಲದಲ್ಲಿ ಇದಕ್ಕೆ ಮೆನುವಿನಲ್ಲೇ ಒಂದು ಅನುಕೂಲವಿತ್ತು: ಸಂಪರ್ಕದ ಗುಣಲಕ್ಷಣಗಳ ಕಿಟಕಿಯಲ್ಲಿ, ಈ ಪ್ರೊಫೈಲನ್ನು ಯುಎಸ್‌ಬಿ ಡ್ರೈವಿಗೆ ನಕಲಿಸಿ ಎಂಬ ಒಂದು ಕೊಂಡಿಯನ್ನು ಒತ್ತಿದರೆ ಸಾಕಾಗಿತ್ತು. ಆಮೇಲಿನ ವಿಂಡೋಸ್‌ಗಳಲ್ಲಿ ಅದನ್ನು ತೆಗೆದರು. ಏಕೆ ತೆಗೆದರೋ, ನನ್ನಂಥವರಿಗಂತೂ ಅದು ನಷ್ಟವೇ. ಈಗ ಉಳಿದಿರುವುದು ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡುವ ದಾರಿ. ಅದರ ಹೆಸರೇ ನೆಟ್‌ಎಸ್‌ಎಚ್: ನೆಟ್ ಎಂದು ಬರೆದು, ನಡುವೆ ಜಾಗ ಬಿಡದೆ ಎಸ್ ಮತ್ತು ಎಚ್ ಸೇರಿಸಿದರೆ ಬರುವ ಐದಕ್ಷರದ ಇಂಗ್ಲಿಷ್ ಪದ. ನೆಟ್‌ವರ್ಕ್ ಶೆಲ್ ಎಂಬುದರ ಮೊಟಕು ರೂಪ.

ಬಳಸುವ ಕ್ರಮ ಹೀಗಿದೆ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ಬಲಗಡೆಯ ಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಮೊದಲು ‘ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಪ್ರೊಫೈಲ್ಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ಯಂತ್ರದಲ್ಲಿ ಉಳಿದಿರುವ ಜಾಲಗಳ ಪಟ್ಟಿ ಬರುತ್ತದೆ. ಡಬ್ಲ್ಯುಲ್ಯಾನ್ ಎಂಬುದಕ್ಕೆ ಡಬ್ಲ್ಯು, ಎಲ್, ಎ, ಎನ್ ಎಂಬ ನಾಲ್ಕೇ ಅಕ್ಷರ. ನನ್ನ ಪಟ್ಟಿಯಲ್ಲಿ 63 ಹೆಸರುಗಳಿದ್ದವು. ಅವುಗಳಲ್ಲಿ ಯಾವಾಗಲೋ ಒಂದು ರಾತ್ರಿ ಉಳಿದ ಲಾಡ್ಜಿನದೂ ಇತ್ತು, ಮುಚ್ಚಿಹೋದ ಸೈಬರ್ ಸೆಂಟರಿನದೂ ಇತ್ತು. ಬೇಡದ 17ನ್ನು ‘ಡಿಲೀಟ್ ಪ್ರೊಫೈಲ್’ ಆಜ್ಞೆಯಿಂದ ಮೊದಲೇ ಅಳಿಸಿದೆ. ಅನಂತರದ ಮುಖ್ಯ ಆಜ್ಞೆ ಒಂದೇ ಸಾಲಿನದು: ‘ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಎಕ್ಸ್‌ಪೋರ್ಟ್ ಪ್ರೊಫೈಲ್ ಕೀ=ಕ್ಲಿಯರ್ ಫೋಲ್ಡರ್=ಇ:\ವೈಫೈ’. ಇಲ್ಲಿ ಇ ಎಂಬುದು ಪೆನ್ ಡ್ರೈವಿನ ಅಕ್ಷರ, ವೈಫೈ ಎಂಬುದು ಅದರಲ್ಲಿ ನಾನು ಮೊದಲೇ ಮಾಡಿಟ್ಟ ಫೋಲ್ಡರಿನ ಹೆಸರು. ಫೋಲ್ಡರ್ ಮೊದಲೇ ಇರಬೇಕು. ಇಲ್ಲದಿದ್ದರೆ ಆಜ್ಞೆ ತಾನಾಗಿ ಅದನ್ನು ಸೃಷ್ಟಿಸುವುದಿಲ್ಲ, ತಪ್ಪಿದೆಯೆಂದು ಹೇಳಿ ನಿಲ್ಲುತ್ತದೆ. ಎಂಟರ್ ಒತ್ತಿ ಲೋಟದಲ್ಲಿದ್ದ ಕಾಫಿಯ ಒಂದು ಗುಟುಕು ಕುಡಿಯುವುದರೊಳಗೆ 46 ಫೈಲುಗಳು ಪೆನ್ ಡ್ರೈವಿಗೆ ಇಳಿದಿದ್ದವು. ಪ್ರತಿಯೊಂದರ ಹೆಸರಿನಲ್ಲಿ ಮೊದಲು ವೈ-ಫೈ ಎಂಬ ಪದ, ಅದರ ನಂತರ ಆಯಾ ಜಾಲದ ಹೆಸರು.

ಇಡೀ ಕೆಲಸದ ಜೀವ ಇರುವುದು ‘ಕೀ=ಕ್ಲಿಯರ್’ ಎಂಬ ಎರಡು ಪದಗಳಲ್ಲಿ. ಅದನ್ನು ಬರೆಯಲು ಮರೆತರೂ ಆಜ್ಞೆ ನಡೆಯುತ್ತದೆ, ಫೈಲುಗಳೂ ಬರುತ್ತವೆ, ಎಲ್ಲ ಸರಿಯಾಯಿತೆಂದೇ ತೋರುತ್ತದೆ. ಆದರೆ ಒಳಗಿನ ಪಾಸ್‌ವರ್ಡ್ ಹಳೆಯ ಯಂತ್ರದ ಗೂಢಲಿಪಿಯಲ್ಲೇ ಇರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದೆ ಸಾಮಾನ್ಯ ಬಳಕೆದಾರನಾಗಿ ನಡೆಸಿದರೂ ಇದೇ ಗತಿ. ಇದು ಈ ಸೌಲಭ್ಯದ ಅತಿ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ: ಕೆಲಸ ಕೆಟ್ಟಿದ್ದರೂ ಕೆಟ್ಟಿತೆಂದು ಅದು ಹೇಳುವುದಿಲ್ಲ, ಹಳೆಯ ಯಂತ್ರ ಮಾರಿದ ಮೇಲೆಯೇ ನಮಗದು ಗೊತ್ತಾಗುವುದು. ಆದ್ದರಿಂದ ಯಾವುದಾದರೂ ಒಂದು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡುವುದು ಕಡ್ಡಾಯ. ಅದರಲ್ಲಿ ಪ್ರೊಟೆಕ್ಟೆಡ್ ಎಂಬ ಗುರುತಿನ ನಡುವೆ ಫಾಲ್ಸ್ ಎಂದಿದ್ದು, ಕೀಮೆಟೀರಿಯಲ್ ಎಂಬ ಗುರುತಿನ ನಡುವೆ ನಿಮಗೆ ಪರಿಚಯವಿರುವ ಪಾಸ್‌ವರ್ಡೇ ಕಂಡರೆ ಬ್ಯಾಕಪ್ ಸರಿಯಾಗಿದೆ. ಟ್ರೂ ಎಂದಿದ್ದು, ಮುಂದೆ ಅರ್ಥವಿಲ್ಲದ ನೂರಾರು ಅಂಕಿ ಅಕ್ಷರಗಳಿದ್ದರೆ ಮತ್ತೊಮ್ಮೆ ಮಾಡಬೇಕು.

ಅದೇ ಫೈಲಿನಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ಜಾಲದ ಹೆಸರು ಅಕ್ಷರಗಳಲ್ಲೂ ಇರುತ್ತದೆ, ಹೆಕ್ಸ್ ಎಂಬ ಹದಿನಾರರ ಎಣಿಕೆಯಲ್ಲೂ ಇರುತ್ತದೆ. ಇದು ಕನ್ನಡಿಗರಿಗೆ ಉಪಯೋಗಕ್ಕೆ ಬರುವ ವ್ಯವಸ್ಥೆ. ನಾಪೋಕ್ಲು ಕಡೆಯ ಒಂದು ಹೋಂಸ್ಟೇಯವರು ತಮ್ಮ ವೈಫೈಗೆ ಕನ್ನಡದಲ್ಲೇ ಹೆಸರಿಟ್ಟಿದ್ದಾರೆ. ಕಪ್ಪು ಪರದೆಯ ಮೇಲೆ ಅದು ಚೌಕಗಳ ಸಾಲಾಗಿ ಕಾಣುತ್ತದಾದರೂ ಫೈಲಿನೊಳಗೆ ಹೆಕ್ಸ್ ರೂಪದಲ್ಲಿ ಕೆಡದೆ ಉಳಿದಿತ್ತು. ಪ್ರಸಂಗಕ್ಕೆ ಬಂದದ್ದರಿಂದ ಹೇಳುತ್ತೇನೆ: ವೈಫೈ ಹೆಸರಿಗೆ 32 ಬೈಟುಗಳಷ್ಟೇ ಜಾಗ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತ ಚಿಹ್ನೆಗೂ ಸೇರಿ, ಮೂರು ಮೂರು ಬೈಟು ಬೇಕು. ‘ಕಾವೇರಿ ಮನೆ’ ಎಂಬಷ್ಟು ಹಿಡಿಯುತ್ತದೆ, ಅದರ ಮೇಲೆ ಇನ್ನೊಂದಕ್ಷರಕ್ಕಷ್ಟೇ ಜಾಗ. ಪಾಸ್‌ವರ್ಡಿನಲ್ಲಿ ಮಾತ್ರ ಕನ್ನಡಕ್ಕೆ ಅವಕಾಶವಿಲ್ಲ. ಮನೆಗಳಲ್ಲಿ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ ಅದು 8ರಿಂದ 63 ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳದೇ ಆಗಿರಬೇಕು. ಮತ್ತೊಂದು ಸಾಲಿನಲ್ಲಿ ಕನೆಕ್ಷನ್‌ಮೋಡ್ ಎಂಬ ಗುರುತಿದೆ; ಅಲ್ಲಿ ಆಟೋ ಎಂದಿದ್ದರೆ ಸಂಪರ್ಕ ತಾನಾಗಿ ಆಗುತ್ತದೆ, ಮ್ಯಾನ್ಯುಯಲ್ ಎಂದಿದ್ದರೆ ನಾವು ಒತ್ತಿದಾಗ ಮಾತ್ರ. ಪಾಸ್‌ವರ್ಡೇ ಇಲ್ಲದ ಜಾಲಗಳ ಫೈಲುಗಳಲ್ಲಿ ಈ ಸಾಲನ್ನು ನಾನು ನೋಟ್‌ಪ್ಯಾಡಿನಲ್ಲೇ ತಿದ್ದಿದೆ, ಏಕೆಂದರೆ ಅದೇ ಹೆಸರಿನ ಬೇರೊಂದು ಜಾಲವನ್ನು ಯಾರಾದರೂ ಬೇಕೆಂದೇ ತೆರೆದಿಟ್ಟರೆ ಲ್ಯಾಪ್‌ಟಾಪ್ ನಮ್ಮನ್ನು ಕೇಳದೆ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ.

ಮರಳಿ ತುಂಬುವ ಕೆಲಸಕ್ಕೆ ಬರೋಣ. ಒಂದೊಂದು ಫೈಲಿಗೆ ‘ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಆಡ್ ಪ್ರೊಫೈಲ್ ಫೈಲ್‌ನೇಮ್=’ ಎಂದು ಬರೆದು, ಫೈಲಿನ ಪೂರ್ತಿ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಕೊನೆಗೆ ‘ಯೂಸರ್=ಆಲ್’ ಸೇರಿಸಿದರೆ ಆ ಯಂತ್ರದ ಎಲ್ಲ ಬಳಕೆದಾರರಿಗೂ ಆ ಜಾಲ ದೊರೆಯುತ್ತದೆ. ಹೊರತೆಗೆಯುವಾಗ ಒಂದೇ ಸಾಲಿನಲ್ಲಿ ಮುಗಿದದ್ದು ಒಳಹಾಕುವಾಗ 46 ಸಾಲಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಲು ಅವಕಾಶ ಕೊಟ್ಟವರು ಎಲ್ಲವನ್ನೂ ಒಟ್ಟಿಗೆ ಸೇರಿಸುವ ಅವಕಾಶ ಏಕೆ ಕೊಡಲಿಲ್ಲವೋ ತಿಳಿಯದು. ಅದಕ್ಕೆ ಪರಿಹಾರವೆಂದರೆ ಕಮಾಂಡ್ ಪ್ರಾಂಪ್ಟಿನ ‘ಫಾರ್’ ಎಂಬ ಆವರ್ತನೆಯ ಆಜ್ಞೆ. ಆ ಫೋಲ್ಡರಿಗೆ ಹೋಗಿ, ಅಲ್ಲಿರುವ ಪ್ರತಿಯೊಂದು ಎಕ್ಸ್‌ಎಂಎಲ್ ಫೈಲಿಗೂ ಆಡ್ ಪ್ರೊಫೈಲ್ ನಡೆಸು ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಇದರಲ್ಲಿ ನಾನು ಒಂದು ಮಧ್ಯಾಹ್ನ ಕಳೆದೆ, ತಪ್ಪು ನನ್ನದೇ. ನೇರವಾಗಿ ಟೈಪ್ ಮಾಡುವಾಗ ಚರಾಕ್ಷರಕ್ಕೆ (ಪ್ರತಿ ಸುತ್ತಿನಲ್ಲೂ ಒಂದೊಂದು ಫೈಲಿನ ಹೆಸರು ಹಿಡಿಯುವ ಅಕ್ಷರಕ್ಕೆ) ಮೊದಲು ಶೇಕಡಾ ಚಿಹ್ನೆ ಒಂದು ಸಾಕು. ಅದೇ ಸಾಲನ್ನು ಬ್ಯಾಚ್ ಫೈಲಿನಲ್ಲಿ, ಅಂದರೆ ಆಜ್ಞೆಗಳನ್ನು ಬರೆದಿಡುವ ಫೈಲಿನಲ್ಲಿ, ಉಳಿಸಿ ನಡೆಸುವುದಾದರೆ ಎರಡು ಬೇಕು. ಒಂದನ್ನೇ ಹಾಕಿ, ಏಕೆ ನಡೆಯುವುದಿಲ್ಲವೆಂದು ಪರದೆಯನ್ನೇ ದಿಟ್ಟಿಸುತ್ತಾ ಕುಳಿತಿದ್ದೆ.

ಇದಕ್ಕಿಂತ ಮೊದಲೇ ಎದುರಾಗುವ ತೊಡಕೊಂದಿದೆ, ಫಾರ್ಮ್ಯಾಟ್ ಮಾಡಿದ ಯಂತ್ರಗಳಲ್ಲಿ ವಿಶೇಷವಾಗಿ. ಹೊಸದಾಗಿ ಹಾಕಿದ ವಿಂಡೋಸ್‌ಗೆ ನಿಮ್ಮ ಲ್ಯಾಪ್‌ಟಾಪಿನ ವೈಫೈ ಚಿಪ್ಪಿನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಗೊತ್ತಿಲ್ಲದಿದ್ದರೆ, ಈ ಯಂತ್ರದಲ್ಲಿ ವೈರ್‌ಲೆಸ್ ಸಾಧನವೇ ಇಲ್ಲವೆಂದು ನೆಟ್‌ಎಸ್‌ಎಚ್ ಉತ್ತರಿಸುತ್ತದೆ, ಒಂದು ಪ್ರೊಫೈಲನ್ನೂ ಸ್ವೀಕರಿಸುವುದಿಲ್ಲ. ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಪಡೆಯಲು ಡ್ರೈವರ್ ಬೇಕು. ಆದ್ದರಿಂದ ತಯಾರಕರ ತಾಣದಿಂದ ನಿಮ್ಮ ಮಾದರಿಯ ವೈಫೈ ಡ್ರೈವರನ್ನು ಮೊದಲೇ ಇಳಿಸಿ ಅದೇ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಡೇಟಾ ಬಳಸುವ ಉಪಾಯವೂ ಇದೆ, ಫೋನಿಗೆ ಸಿಗ್ನಲ್ ಸಿಗುವ ಊರಿನಲ್ಲಿದ್ದರೆ.

ಹೋಲಿಕೆಗೆ ಎತ್ತಿಕೊಂಡ ಎರಡನೆಯ ದಾರಿ ನಿರ್‌ಸಾಫ್ಟ್‌ನ ವೈರ್‌ಲೆಸ್‌ಕೀವ್ಯೂ. ನಿರ್ ಸೋಫರ್ ಎಂಬ ತಂತ್ರಾಂಶಕಾರರು ಉಚಿತವಾಗಿ ಹಂಚುವ ಹತ್ತಾರು ಪುಟ್ಟ ಉಪಕರಣಗಳಲ್ಲಿ ಇದೂ ಒಂದು. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಜಿಪ್ ಫೈಲನ್ನು ಬಿಡಿಸಿ ತೆರೆದರೆ ಸಾಕು, ಜಾಲಗಳ ಹೆಸರು ಒಂದು ಕಡೆ, ಪಾಸ್‌ವರ್ಡ್ ಇನ್ನೊಂದು ಕಡೆ, ಕೋಷ್ಟಕವಾಗಿ ಕಣ್ಣೆದುರು ಬರುತ್ತವೆ. ಕಪ್ಪು ಪರದೆ ಎಂದರೆ ಹಿಂಜರಿಯುವವರಿಗೆ ಇದು ಹಿತವೆನಿಸುತ್ತದೆ. ಎಲ್ಲ ಕೀಲಿಗಳನ್ನು ಒಂದೇ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಯಂತ್ರದಲ್ಲಿ ಇಂಪೋರ್ಟ್ ಮಾಡುವ ಸೌಕರ್ಯವೂ ಅದರಲ್ಲಿದೆ. ನೆಟ್‌ಎಸ್‌ಎಚ್‌ಗೆ ಸಾಧ್ಯವೇ ಇಲ್ಲದ ಒಂದು ಕೆಲಸವನ್ನೂ ಅದು ಮಾಡುತ್ತದೆ: ವಿಂಡೋಸ್ ಏಳದೆ ಸತ್ತ ಯಂತ್ರದ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದಾಗ, ಆ ಡಿಸ್ಕಿನಲ್ಲಿರುವ ಹಳೆಯ ವಿಂಡೋಸ್ ಫೋಲ್ಡರನ್ನು (ಗೂಢಲಿಪಿಯ ಕೀಲಿಯೂ ಅದರಲ್ಲೇ ಇರುತ್ತದೆ) ತೋರಿಸಿ ಅದರೊಳಗಿನ ಪಾಸ್‌ವರ್ಡುಗಳನ್ನು ಓದಬಹುದು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಚಾರ್ಜರ್ ಸಮೇತ ಲ್ಯಾಪ್‌ಟಾಪ್ ಕಳೆದುಕೊಂಡವರು ನಮ್ಮಲ್ಲಿ ಕಡಿಮೆಯೇನಲ್ಲ. ಡಿಸ್ಕು ಉಳಿದಿದ್ದರೆ ಅಂಥವರಿಗೆ ಇದು ವರವೇ ಸರಿ.

ಹಾಗಿದ್ದೂ ಅದನ್ನು ಎರಡನೆಯ ಸ್ಥಾನಕ್ಕೆ ಇಟ್ಟಿರುವುದಕ್ಕೆ ಕಾರಣವಿದೆ. ಪಾಸ್‌ವರ್ಡ್ ತೋರಿಸುವ ಉಪಕರಣವಾದ್ದರಿಂದ ಹಲವು ಆಂಟಿವೈರಸ್‌ಗಳು ಇದನ್ನು ಅಪಾಯಕಾರಿ ಎಂದು ಗುರುತಿಸಿ ತಡೆಯುತ್ತವೆ; ನಿರ್‌ಸಾಫ್ಟ್ ತಾಣದಲ್ಲೇ ಈ ಸಂಗತಿಯನ್ನು ಒಪ್ಪಿಕೊಂಡು ವಿವರಿಸಲಾಗಿದೆ. ಅದು ವೈರಸ್ ಅಲ್ಲ, ನಿಜ. ಆದರೆ ಗೊತ್ತಿಲ್ಲದವರಿಗೆ ‘ಎಚ್ಚರಿಕೆ ಬಂದರೂ ಮುಂದೆ ಹೋಗಿ, ಆಂಟಿವೈರಸ್ ಸ್ವಲ್ಪ ಹೊತ್ತು ನಿಲ್ಲಿಸಿ’ ಎಂದು ಹೇಳಿಕೊಡಲು ನನಗೆ ಮನಸ್ಸು ಬರುವುದಿಲ್ಲ. ಇವತ್ತು ಒಳ್ಳೆಯ ಉಪಕರಣಕ್ಕೆ ಕಲಿತ ಅಭ್ಯಾಸ ನಾಳೆ ಕೆಟ್ಟ ಉಪಕರಣಕ್ಕೂ ಮುಂದುವರಿಯುತ್ತದೆ. ಇದೇ ಹೆಸರನ್ನು ಹೋಲುವ ಫೈಲುಗಳನ್ನು ಬೇರೆ ಬೇರೆ ಡೌನ್‌ಲೋಡ್ ತಾಣಗಳೂ ಮುಂದೊಡ್ಡುವುದರಿಂದ, ಬಳಸಲೇಬೇಕೆಂದಿದ್ದರೆ ಮೂಲ ತಾಣದಿಂದಲೇ ಪಡೆಯಬೇಕು. ನೆಟ್‌ಎಸ್‌ಎಚ್‌ಗೆ ಈ ಯಾವ ರಗಳೆಯೂ ಇಲ್ಲ. ಅದು ಆಗಲೇ ಯಂತ್ರದೊಳಗಿದೆ, ತರಲು ಎಲ್ಲಿಗೂ ಹೋಗಬೇಕಾಗಿಲ್ಲ.

ಮೂರನೆಯದು ಮೈಕ್ರೋಸಾಫ್ಟ್ ಖಾತೆಯ ಮೂಲಕ ನಡೆಯುವ ವಿಂಡೋಸ್ ಬ್ಯಾಕಪ್. ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದರೆ ವೈಫೈ ಪಾಸ್‌ವರ್ಡುಗಳು ಆ ಖಾತೆಗೆ ಹೋಗಿ ಕೂರುತ್ತವೆ, ಹೊಸ ಯಂತ್ರದಲ್ಲಿ ಅದೇ ಖಾತೆಯಿಂದ ಒಳಹೊಕ್ಕಾಗ ಇಳಿದುಬರುತ್ತವೆ. ಶ್ರಮವೇ ಇಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವವರಿಗೆ ಇದನ್ನೇ ಹೇಳುತ್ತಿದ್ದೆ. ನಮ್ಮಲ್ಲಿನ ಸಮಸ್ಯೆಯೇ ಬೇರೆ: ಇಂಟರ್‌ನೆಟ್‌ನ ಪಾಸ್‌ವರ್ಡ್ ಪಡೆಯಲು ಮೊದಲು ಇಂಟರ್‌ನೆಟ್ ಬೇಕು. ಕಕ್ಕಬ್ಬೆಯ ಆಚೆ, ಸಿಲ್ವರ್ ಓಕ್ ಮರಗಳ ನಡುವಿನ ಬಂಗಲೆಯಲ್ಲಿ ಕೂತು, ಬೇಕಾದ ಪಾಸ್‌ವರ್ಡ್ ಕ್ಲೌಡ್ ಎಂಬ ಇಂಟರ್‌ನೆಟ್ಟಿನ ಮೋಡದಲ್ಲಿ ಸುರಕ್ಷಿತವಾಗಿದೆ ಎಂದು ತಿಳಿದು ಮಾಡುವುದೇನು? ಮೇಲೆ ನಿಜವಾದ ಮೋಡ, ಕೆಳಗೆ ನಾವು. ಮನೆಯಲ್ಲಿ ಸಂಪರ್ಕ ಇರುವಾಗಲೇ ಹೊಸ ಯಂತ್ರವನ್ನು ಅಣಿಗೊಳಿಸಿ ಹೊರಟರೆ ಈ ತೊಂದರೆ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಯಾವ ಪಾಸ್‌ವರ್ಡ್ ಹೋಗಿದೆ, ಯಾವುದು ಹೋಗಿಲ್ಲ ಎಂದು ಎಣಿಸಿ ನೋಡುವ ಬಗೆ ಆ ವ್ಯವಸ್ಥೆಯಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಪೆನ್ ಡ್ರೈವಿನಲ್ಲಾದರೆ 46 ಫೈಲುಗಳನ್ನು ಬೆರಳಿಟ್ಟು ಎಣಿಸಬಹುದು. ಲೆಕ್ಕ ಬರೆಯುವವನಿಗೆ ಅದೊಂದು ಸಮಾಧಾನ.

ಒಂದೆರಡೇ ಪಾಸ್‌ವರ್ಡ್ ಬೇಕಾದವರಿಗೆ ಇಷ್ಟೆಲ್ಲ ಬೇಡ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ವೈಫೈ ಸೆಟ್ಟಿಂಗ್ಸ್‌ನೊಳಗೆ ಪರಿಚಿತ ಜಾಲಗಳ ಪಟ್ಟಿಗೆ ಹೋದರೆ ಒಂದೊಂದರ ಪಾಸ್‌ವರ್ಡನ್ನೂ ಅಲ್ಲೇ ನೋಡಬಹುದು. ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳಲ್ಲಿ ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಲಿನಕ್ಸ್ ಬಳಸುವವರು ನೆಟ್‌ವರ್ಕ್‌ಮ್ಯಾನೇಜರಿನ ಸಿಸ್ಟಮ್-ಕನೆಕ್ಷನ್ಸ್ ಫೋಲ್ಡರನ್ನು ರೂಟ್ ಅಧಿಕಾರದಿಂದ ನಕಲಿಸಿ, ಹೊಸ ಯಂತ್ರದಲ್ಲಿ ಇಟ್ಟ ಮೇಲೆ ಅನುಮತಿಯನ್ನು 600ಕ್ಕೆ ಇಳಿಸಿದರೆ ಮುಗಿಯಿತು.

ಇನ್ನು ಭದ್ರತೆ. ‘ಕೀ=ಕ್ಲಿಯರ್’ ಎಂದು ಹೊರತೆಗೆದ ಫೈಲುಗಳಲ್ಲಿ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಇರುತ್ತದೆ, ಅದನ್ನು ಓದಲು ಯಾವ ವಿದ್ಯೆಯೂ ಬೇಡ. ನನ್ನ ಪೆನ್ ಡ್ರೈವಿನಲ್ಲಿರುವ 46ರಲ್ಲಿ ನನ್ನದು ಒಂದೇ; ಉಳಿದ 45 ನನ್ನನ್ನು ನಂಬಿ ಒಳಗೆ ಬಿಟ್ಟ ಮನೆಗಳವು. ಅವುಗಳಲ್ಲಿ ಎಷ್ಟೋ ಮನೆಗಳಲ್ಲಿ ಸಿಸಿಟಿವಿಯೂ ಅದೇ ಜಾಲದ ಮೇಲಿದೆ, ಬುಕಿಂಗ್ ಕಂಪ್ಯೂಟರೂ ಅದೇ ಜಾಲದ ಮೇಲಿದೆ. ಹೀಗಾಗಿ ಎಕ್ಸ್‌ಪೋರ್ಟ್ ಮಾಡುವ ಮೊದಲು ಆ ತಿಂಗಳ ಸುತ್ತಿನಲ್ಲೇ ಪ್ರತಿಯೊಬ್ಬರಿಗೂ ವಿಷಯ ತಿಳಿಸಿ ಒಪ್ಪಿಗೆ ಕೇಳಿದೆ. ಹೆಚ್ಚಿನವರು ‘ಅದಕ್ಕೇನು ಸಾರ್, ಇಟ್ಟುಕೊಳ್ಳಿ, ನಮಗೆ ಮರೆತರೆ ನಿಮ್ಮನ್ನೇ ಕೇಳಬಹುದು’ ಎಂದರು. ಮೂರ್ನಾಡಿನ ಹತ್ತಿರದ ಹಿರಿಯರೊಬ್ಬರು ಮಾತ್ರ ಬೇಡವೆಂದರು. ಅವರ ಜಾಲದ ಪ್ರೊಫೈಲನ್ನು ಅವರೆದುರಿಗೇ ಅಳಿಸಲೆಂದು ಲ್ಯಾಪ್‌ಟಾಪ್ ತೆರೆದಾಗ, ಅತಿಥಿಗಳಿಗೆಂದು ಬೇರೆ ಇರಿಸಿದ್ದ ಗೆಸ್ಟ್ ಜಾಲದ ಪಾಸ್‌ವರ್ಡ್ ಕೊಟ್ಟು, ಇದನ್ನು ಬೇಕಾದರೆ ಇಟ್ಟುಕೋ ಎಂದರು. ಅವರದೇ ಸರಿಯಾದ ಕ್ರಮ. ಹೋಂಸ್ಟೇ ನಡೆಸುವ ಪ್ರತಿಯೊಬ್ಬರೂ ಹಾಗೆ ಎರಡು ಜಾಲ ಇಟ್ಟುಕೊಂಡರೆ ನನ್ನಂಥವರ ಪೆನ್ ಡ್ರೈವಿನ ಭಾರ ಇಳಿಯುತ್ತದೆ. ವಿಂಡೋಸ್ 10 ಬಂದ 2015ರಲ್ಲಿ ವೈ-ಫೈ ಸೆನ್ಸ್ ಎಂಬ ಏರ್ಪಾಡಿತ್ತು; ನಾವು ಆರಿಸಿದ ಜಾಲದ ಸಂಪರ್ಕವನ್ನು ನಮ್ಮ ಪರಿಚಯದವರ ಯಂತ್ರಗಳಿಗೂ ಅದು ಹಂಚುತ್ತಿತ್ತು. ಮರುವರ್ಷವೇ ಆ ಹಂಚಿಕೆಯನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು.

ಫೋಲ್ಡರನ್ನು ನಾನು ಸೆವೆನ್‌ಜಿಪ್ ತಂತ್ರಾಂಶದಲ್ಲಿ ಎಇಎಸ್-256 ಗೂಢಲಿಪಿಯೊಂದಿಗೆ ಒಂದೇ ಕಟ್ಟಾಗಿ ಮಾಡಿ, ಒಂದು ಉದ್ದನೆಯ ಪಾಸ್‌ವರ್ಡ್ ಹಾಕಿ, ಬಿಡಿ ಫೈಲುಗಳನ್ನು ಅಳಿಸಿದೆ. ಡೆಸ್ಕ್‌ಟಾಪಿಗೆ ಎಕ್ಸ್‌ಪೋರ್ಟ್ ಮಾಡದೆ ನೇರವಾಗಿ ಪೆನ್ ಡ್ರೈವಿಗೇ ಮಾಡಿದ್ದಕ್ಕೂ ಕಾರಣವಿದೆ: ಎಷ್ಟೋ ಯಂತ್ರಗಳಲ್ಲಿ ಡೆಸ್ಕ್‌ಟಾಪ್ ಫೋಲ್ಡರೇ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಜೊತೆ ಜೋಡಿಕೊಂಡಿರುತ್ತದೆ, ಅಲ್ಲಿಟ್ಟ ಫೈಲು ನಾವು ಅಳಿಸುವ ಮೊದಲೇ ದೂರದ ಸರ್ವರಿಗೆ ಹೋಗಿ ಮುಟ್ಟಿರುತ್ತದೆ. ಪೆನ್ ಡ್ರೈವನ್ನು ಎಲ್ಲಿಡುವುದು ಎಂಬುದೂ ಕೊಡಗಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು. ಕ್ಯಾಮೆರಾ ಲೆನ್ಸ್ ಇಡುವ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಅದಕ್ಕೂ ಜಾಗ ಕೊಟ್ಟಿದ್ದೇನೆ. ಎರಡನೆಯ ಪ್ರತಿ ಮೈಸೂರಿನಲ್ಲಿರುವ ತಂಗಿಯ ಮನೆಯಲ್ಲಿದೆ. ಕೊಡಗಿನಲ್ಲಿ ಗುಡ್ಡಗಳೇ ಕುಸಿದು ಮನೆಗಳು ಹೋದ 2018ರ ಆಗಸ್ಟ್ ನೋಡಿದ ಮೇಲೆ, ಒಂದೇ ಮನೆಯಲ್ಲಿ ಎರಡು ಪ್ರತಿ ಇಡುವುದನ್ನು ಬ್ಯಾಕಪ್ ಎಂದು ನಾನು ಕರೆಯುವುದಿಲ್ಲ.

ನೆಟ್‌ಎಸ್‌ಎಚ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ತಪ್ಪಾದಾಗ ಮೌನವಾಗಿರುವುದಕ್ಕೆ ಅರ್ಧ ಅಂಕ, ಒಳಹಾಕುವಾಗ ಒಂದೊಂದಾಗಿ ಹಾಕಿಸುವುದಕ್ಕೆ ಇನ್ನರ್ಧ ಅಂಕ ಕಳೆದಿದ್ದೇನೆ. ಕಾಲೇಜು, ಬ್ಯಾಂಕುಗಳಂಥ ಕಡೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಳಕೆಯ ಹೆಸರು ಮತ್ತು ಪಾಸ್‌ವರ್ಡ್ ಕೊಡುವ ಜಾಲಗಳಲ್ಲಿ, ಪ್ರೊಫೈಲ್ ಹೊರಬರುತ್ತದೆಯೇ ಹೊರತು ಆ ವೈಯಕ್ತಿಕ ಪಾಸ್‌ವರ್ಡ್ ಬರುವುದಿಲ್ಲ. ಅದನ್ನು ಮತ್ತೆ ಟೈಪ್ ಮಾಡಲೇಬೇಕು. ಇದು ಕೊರತೆಯಲ್ಲ, ಹಾಗೇ ಇರಬೇಕಾದದ್ದು.

ಹೊಸ ಲ್ಯಾಪ್‌ಟಾಪ್ ಹಿಡಿದು ತುಲಾ ಸಂಕ್ರಮಣದ ಮಾರನೆಯ ವಾರ ಸುತ್ತಿಗೆ ಹೊರಟೆ. ಹೋದ ಮನೆಗಳಲ್ಲಿ 41 ಕಡೆ, ತೆರೆದ ಕೂಡಲೇ ಸಂಪರ್ಕ ಸಿಕ್ಕಿತು. ಮೂರು ಕಡೆ ಮನೆಯವರೇ ಈ ನಡುವೆ ಪಾಸ್‌ವರ್ಡ್ ಬದಲಿಸಿದ್ದರು. ಉಳಿದೆರಡು ಮನೆಗಳ ತೊಡಕು ವಿಚಿತ್ರವಾದದ್ದು: ಸುಂಟಿಕೊಪ್ಪದ ಹತ್ತಿರದ ಅಣ್ಣತಮ್ಮಂದಿರ ಎರಡು ತೋಟದ ಮನೆಗಳಲ್ಲೂ ರೂಟರ್ ಬಂದಾಗ ಇದ್ದ ಹೆಸರನ್ನೇ ಬಿಟ್ಟಿದ್ದರು, ಎರಡರದೂ ಒಂದೇ ಹೆಸರು, ಪಾಸ್‌ವರ್ಡ್ ಮಾತ್ರ ಬೇರೆ ಬೇರೆ. ವಿಂಡೋಸ್ ಪ್ರೊಫೈಲಿಗೆ ಜಾಲದ ಹೆಸರನ್ನೇ ಇಡುವುದರಿಂದ ಅಣ್ಣನ ಮನೆಯ ಪಾಸ್‌ವರ್ಡ್ ಹಾಕಿದಾಗಲೆಲ್ಲ ತಮ್ಮನದು ಅಳಿಸಿಹೋಗುತ್ತಿತ್ತು; ಹಳೆಯ ಯಂತ್ರದಲ್ಲೂ ಹೀಗೇ ಆಗುತ್ತಿತ್ತು, ಆದರೆ ಕಾರಣ ನನಗೆ ಹೊಳೆದಿರಲಿಲ್ಲ. ಎಕ್ಸ್‌ಎಂಎಲ್ ಫೈಲಿನಲ್ಲಿ ಪ್ರೊಫೈಲಿನ ಹೆಸರು ಒಂದು ಸಾಲಿನಲ್ಲಿ, ಜಾಲದ ಹೆಸರು ಇನ್ನೊಂದು ಸಾಲಿನಲ್ಲಿ ಬೇರೆ ಬೇರೆಯಾಗಿ ಇರುವುದನ್ನು ಕಂಡು, ಫೈಲಿನ ಎರಡು ನಕಲು ಮಾಡಿ, ಮೇಲಿನ ಹೆಸರನ್ನು ಮಾತ್ರ ಒಂದರಲ್ಲಿ ‘ಅಣ್ಣ’ ಎಂದೂ ಮತ್ತೊಂದರಲ್ಲಿ ‘ತಮ್ಮ’ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ತಿದ್ದಿ, ಆಯಾ ಪಾಸ್‌ವರ್ಡ್ ತುಂಬಿ, ಎರಡರಲ್ಲೂ ಕನೆಕ್ಷನ್‌ಮೋಡ್ ಅನ್ನು ಮ್ಯಾನ್ಯುಯಲ್ ಮಾಡಿ ಸೇರಿಸಿದೆ. ಈಗ ಯಾವ ಮನೆಯ ಜಗಲಿಯಲ್ಲಿ ಕೂತಿದ್ದೇನೋ ಆ ಹೆಸರಿನ ಪ್ರೊಫೈಲಿಗೆ ‘ಕನೆಕ್ಟ್’ ಆಜ್ಞೆ ಕೊಟ್ಟರೆ ಸಂಪರ್ಕ ಸಿಗುತ್ತದೆ.